ಗುಜರಿಯಿಂದ ಹರಿಹರದ ದಾರಿ

ಹಳೆ ವರ್ಕ್‌ಶಾಪ್ ಸಾಮಾನು, ಯಂತ್ರ ಹುಡುಕುವವರು ಭಾನುವಾರ ಬೆಳಗ್ಗೆ ಏಳು ಗಂಟೆಗೆಲ್ಲ ಬೆಂಗಳೂರಿನ ಸಂಡೇ ಬಜಾರ್ ಸೇರಿಕೊಳ್ಳಬೇಕು. ಹತ್ತು ದಾಟಿದರೆ ಆ ನೂಕುನುಗ್ಗಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಬೆಂಚ್ ವೈಸ್ (ಕೆಲಸದ ತುಂಡನ್ನು ಬಿಗಿಹಿಡಿಯುವ ಕಬ್ಬಿಣದ ದವಡೆ) ತಿರುಗಿಸಿ ನೋಡಲೂ ಜಾಗ ಸಿಗದು. ಜೇಬಿನಲ್ಲಿ ಟಾರ್ಚ್, ಆರಿಂಚಿನ ಸ್ಟೀಲ್ ಸ್ಕೇಲ್, ಸಣ್ಣ ಆಯಸ್ಕಾಂತ, ಒಂದು ಸ್ಪ್ಯಾನರ್ ಇದ್ದರೆ ಸಾಕು.

ಹೊಸ ಬಣ್ಣ ಬಳಿದ ಹಳೆ ವೈಸ್ ಕಂಡರೆ ಅನುಮಾನದಿಂದಲೇ ಮುಟ್ಟಿ. ಮೈಗುಂಟ ಆಯಸ್ಕಾಂತ ಎಳೆಯುತ್ತ ಹೋದಾಗ ಒಂದು ಗೆರೆಯಲ್ಲಿ ಹಿಡಿತ ಸಡಿಲವಾದರೆ ಒಳಗೆ ಹಿತ್ತಾಳೆ ಬೆಸುಗೆಯೋ ಪುಟ್ಟಿಯೋ ಇದೆ ಎಂದರ್ಥ. ಸ್ಪ್ಯಾನರಿನಿಂದ ತಟ್ಟಿ: ಗಟ್ಟಿ ಎರಕ ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ. 25–50 ಮಿ.ಮೀ. ದಪ್ಪ ಅಳೆಯುವ ಮೈಕ್ರೋಮೀಟರ್ ಇಲ್ಲಿ ಅಗ್ಗಕ್ಕೆ ಸಿಗುತ್ತದೆ, ಸೊನ್ನೆ ಕೂರಿಸಲು ಜೊತೆಗಿರಬೇಕಾದ 25 ಮಿ.ಮೀ. ಕಡ್ಡಿ ಮಾತ್ರ ಇರುವುದಿಲ್ಲ. ಹುಚ್ಚು ಹಿಡಿಸುವುದೇ ಈ ಇಲ್ಲದ ತುಂಡು. ಅದನ್ನು ಹುಡುಕಲು ಹೋದವರು ಇನ್ನೊಂದು ಅರೆಬರೆ ಸಾಮಾನು ಹೊತ್ತು ಬರುತ್ತಾರೆ.

ತುಕ್ಕಿಗೆ ಹೆದರಬೇಕಿಲ್ಲ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬಟ್ಟೆಸೋಡಾ, 12 ವೋಲ್ಟ್ ಬ್ಯಾಟರಿ ಚಾರ್ಜರ್. ಸಾಮಾನಿಗೆ ಮೈನಸ್, ಗುಜರಿ ಕಬ್ಬಿಣದ ತಗಡಿಗೆ ಪ್ಲಸ್. ತಂತಿ ಅದಲುಬದಲಾದರೆ ತುಕ್ಕಿನ ಬದಲು ಸಾಮಾನೇ ಕರಗುತ್ತದೆ. ತಗಡಿನ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಹಾಕಲೇಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಬಕೆಟ್ ಬಯಲಲ್ಲೇ ಇರಲಿ.

ಲೇತ್ (ಲೋಹವನ್ನು ತಿರುಗಿಸುತ್ತ ಕಡೆಯುವ ಯಂತ್ರ) ಬೇಕೆಂದವರು ರೈಲು ಹತ್ತಬೇಕು. ಹುಬ್ಬಳ್ಳಿ ದಾರಿಯಲ್ಲಿ ದಾವಣಗೆರೆ ಕಳೆದರೆ ತುಂಗಭದ್ರೆಯ ದಡದ ಹರಿಹರ. ಲೇತ್ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾದದ್ದು ಇಲ್ಲೇ. ಕಾರ್ಖಾನೆಗೆ ಬೀಗ ಬಿದ್ದು ಎರಡು ದಶಕ ದಾಟಿದರೂ ಅದರ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ನಾಡಿನ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ.

ಲೇತ್ ನೋಡುವಾಗ ಬಣ್ಣ ಬಿಡಿ, ಬೆಡ್ (ಕೆಳಗಿನ ಉದ್ದ ಹಾಸು) ನೋಡಿ. ಕೆಲಸವೆಲ್ಲ ತುಂಡನ್ನು ಕಚ್ಚಿ ತಿರುಗಿಸುವ ಚಕ್ಕಿನ ಹತ್ತಿರ ನಡೆಯುವುದರಿಂದ ಸವೆತವೂ ಅಲ್ಲೇ. ಅಲ್ಲಿ ಕ್ಯಾರೇಜ್ (ಉಳಿ ಹೊತ್ತು ಬೆಡ್ ಮೇಲೆ ಜಾರುವ ಭಾಗ) ಲಾಕನ್ನು ಸ್ವಲ್ಪವೇ ಬಿಗಿ ಮಾಡಿ, ಹಿಡಿ ತಿರುಗಿಸುತ್ತ ಕ್ಯಾರೇಜನ್ನು ಟೈಲ್‌ಸ್ಟಾಕ್ (ಚಕ್ಕಿನ ಎದುರಿನ ತುದಿ) ಕಡೆಗೆ ಸರಿಸಿ. ಹೋಗ್ತಾ ಹೋಗ್ತಾ ಕಚ್ಚಿಕೊಂಡರೆ ಬೆಡ್ ಸವೆದಿದೆ. ಗ್ರೈಂಡಿಂಗ್ ಖರ್ಚು ಲೇತಿನ ಬೆಲೆಯನ್ನೇ ಮೀರಬಹುದು, ಅಂಥದ್ದನ್ನು ಬಿಟ್ಟು ಬನ್ನಿ. ಕ್ರಾಸ್‌ಸ್ಲೈಡ್ (ಉಳಿಯನ್ನು ಅಡ್ಡಕ್ಕೆ ಸರಿಸುವ ಭಾಗ) ಹಿಡಿ ಕಾಲು ಸುತ್ತು ಪೊಳ್ಳು ತಿರುಗಿದರೆ ಗಾಬರಿ ಬೇಡ. ಹೆಚ್ಚಾಗಿ ಸವೆದಿರುವುದು ಕಂಚಿನ ನಟ್, ಅದನ್ನು ಯಾವ ಟರ್ನರ್ ಬೇಕಾದರೂ ಮಾಡಿಕೊಡುತ್ತಾನೆ. ಹೆಡ್‌ಸ್ಟಾಕ್ (ಚಕ್ಕನ್ನು ತಿರುಗಿಸುವ ಗೇರುಗಳ ಪೆಟ್ಟಿಗೆ) ಮುಚ್ಚಳ ತೆಗೆಸಿ ಟಾರ್ಚ್ ಬಿಟ್ಟು ಒಂದೊಂದೇ ಗೇರಿನ ಹಲ್ಲು ನೋಡಿ. ಹತ್ತು ನಿಮಿಷ ಓಡಿಸಿ ನಿಲ್ಲಿಸಿದ ಮೇಲೆ ಸ್ಪಿಂಡಲ್ (ಚಕ್ ಕೂರುವ ತಿರುಗುವ ದಂಡ) ಮೂತಿಗೆ ಅಲುಗಾಟ ಅಳೆಯುವ ಡಯಲ್ ಇಟ್ಟು, ಚಕ್ಕಿನಲ್ಲಿ ಉದ್ದ ರಾಡ್ ಕಚ್ಚಿಸಿ ಮೇಲೆತ್ತಿ. ಅಲುಗಾಟ 0.05 ಮಿ.ಮೀ. ದಾಟಿದರೆ ಬೇರಿಂಗ್ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಗ್ಯಾಪ್ ಬೆಡ್ಡಿನ ತುಂಡು (ದೊಡ್ಡ ಸಾಮಾನು ತಿರುಗಿಸಲು ಚಕ್ಕಿನ ಬಳಿ ಬಿಚ್ಚಿಡುವ ಬೆಡ್ಡಿನ ಭಾಗ) ಕಳೆದಿದ್ದರೆ ಬೇರೆ ಲೇತಿನದು ಸರಿಯಾಗಿ ಕೂರುವುದಿಲ್ಲ. ಆ ತುಂಡನ್ನು ಅದೇ ಬೆಡ್ಡಿನ ಜೊತೆ ಗ್ರೈಂಡ್ ಮಾಡಿರುತ್ತಾರೆ.

ಸಾಗಿಸುವಾಗಲೇ ಹೆಚ್ಚು ಹಾಳು. ಭಾರವೆಲ್ಲ ಹೆಡ್‌ಸ್ಟಾಕ್ ಕಡೆ ಇರುವುದರಿಂದ ಕ್ಯಾರೇಜ್, ಟೈಲ್‌ಸ್ಟಾಕ್ ಎರಡನ್ನೂ ಎದುರು ತುದಿಗೆ ಸರಿಸಿ ಬಿಗಿಯಿರಿ. ಎತ್ತುವ ಪಟ್ಟಿಯನ್ನು ಬೆಡ್ಡಿನ ಕೆಳಗೆ ಹಾಯಿಸಿ, ಲೀಡ್‌ಸ್ಕ್ರೂಗೆ (ಕ್ಯಾರೇಜನ್ನು ಎಳೆಯುವ ಉದ್ದ ಸ್ಕ್ರೂ) ತಾಗದಂತೆ ಮರದ ತುಂಡು ಕೊಡಿ. ಒಮ್ಮೆ ಬಾಗಿದ ಲೀಡ್‌ಸ್ಕ್ರೂ ಮತ್ತೆ ನೆಟ್ಟಗಾಗುವುದಿಲ್ಲ ಎಂದೇ ತಿಳಿಯಿರಿ. ನೆಲದ ಮೇಲೆ ಒಂದೂವರೆ ಇಂಚಿನ ಪೈಪುಗಳ ಮೇಲೆ ಹಾರೆಯಿಂದ ಮೀಟಿ ಉರುಳಿಸಿದರೆ ಸಾಕು. ಟನ್ ತೂಗುವುದನ್ನು ಏಸ್ ಗಾಡಿಗೆ ಹೇರಬೇಡಿ.

ಮನೆಯಲ್ಲಿ ಲೇತ್ ಮೋಟರಿಗೆ ಬೇಕಾದ ತ್ರೀಫೇಸ್ ಇಲ್ಲವೇ? 3 ಎಚ್‌ಪಿವರೆಗಿನ ಮೋಟರ್ ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯದು. ಆರು ತುದಿ ಹೊರಗಿದ್ದು ನಾಮಫಲಕವೂ ಒಪ್ಪಿದರೆ ಕಡಿಮೆ ವೋಲ್ಟಿಗೆ ಹೊಂದುವ ಡೆಲ್ಟಾ ಜೋಡಣೆ ಮಾಡಿ, ಸಿಂಗಲ್‌ಫೇಸ್‌ನಿಂದ ನಡೆಯುವ ವಿಎಫ್‌ಡಿ (ತ್ರೀಫೇಸ್ ಕರೆಂಟ್ ಮಾಡಿಕೊಡುವ ಪೆಟ್ಟಿಗೆ) ಕೊಟ್ಟು ಓಡಿಸಬಹುದು.

ಇನ್ನು ಗೇರ್ ಪೆಟ್ಟಿಗೆ. ಅರ್ಧ ಹರ, ಅರ್ಧ ಹರಿಯಾದ ಊರದೇವರ ಹಾಗೆ ಹಳೆ ಲೇತುಗಳಲ್ಲಿ ಲೀಡ್‌ಸ್ಕ್ರೂ ಇಂಚಿನದು, ಕೊಯ್ಯಬೇಕಾದ ಮರೆ (ಸ್ಕ್ರೂವಿನ ಸುತ್ತುಗೆರೆ) ಮಿಲಿಮೀಟರಿನದು. ಎರಡನ್ನೂ ಕೂಡಿಸುವುದು 127 ಹಲ್ಲಿನ ಗೇರ್. ಇಂಚಿಗೆ 25.4 ಮಿ.ಮೀ., ಆ 25.4ನ್ನು 5ರಿಂದ ಗುಣಿಸಿದರೆ ಬರುವುದೇ 127. ಲೇತ್ ಕೈ ಬದಲಿಸುವಾಗ ಮೊದಲು ಕಳೆದುಹೋಗುವುದೂ ಇದೇ, ದುಡ್ಡು ಎಣಿಸುವ ಮುಂಚೆ ಕೇಳಿ. ಕೊಂಡ ಮೇಲೆ ಮಾಡಿಸೋಣವೆಂದರೆ 127 ಅವಿಭಾಜ್ಯ ಸಂಖ್ಯೆ, ಡಿವೈಡಿಂಗ್ ಹೆಡ್ಡಿನ (ಚಕ್ರವನ್ನು ಸಮಭಾಗಗಳಾಗಿ ತಿರುಗಿಸಿಕೊಡುವ ಸಾಧನ) ಮಾಮೂಲಿ ತಟ್ಟೆಗಳ ತೂತು ಹೊಂದುವುದಿಲ್ಲ. ಡಿಫರೆನ್ಷಿಯಲ್ ಇಂಡೆಕ್ಸಿಂಗ್ (ಚೇಂಜ್ ಗೇರು ಜೋಡಿಸಿ ಆ ಕೊರತೆ ಸರಿದೂಗಿಸುವ ವಿಧಾನ) ಮಾಡುವ ಯೂನಿವರ್ಸಲ್ ಹೆಡ್ ಬೇಕು, ಅದನ್ನು ಕೂರಿಸಲು ಮಿಲ್ಲಿಂಗ್ ಮಷಿನ್ ಬೇಕು. ಆ ಹೆಡ್ಡೂ ಗುಜರಿಯಲ್ಲಿ ಸಿಗುತ್ತದೆ, ಅದರ ಚೇಂಜ್ ಗೇರುಗಳಿಲ್ಲದೆ.