200 ವರ್ಷ ಹಳೆಯ ಸಮೀಕರಣದಲ್ಲಿ ಇನ್ನೇನು ಬಾಕಿ ಇದೆ?

ಹರಿಯುವ ನೀರು, ಗಾಳಿಯ ಗಣಿತ ನನ್ನ ಕೆಲಸ ಅಂದ ಕೂಡಲೇ ಎಂಜಿನಿಯರಿಂಗ್ ಓದಿದವರು ತಪ್ಪದೆ ಕೇಳುತ್ತಾರೆ: "ಸಮೀಕರಣ ಬರೆದು 200 ವರ್ಷ ಆಯ್ತು. ವಿಮಾನ ಹಾರ್ತಿದೆ, ಲೆಕ್ಕ ಮಾಡೋಕೆ ಕಂಪ್ಯೂಟರ್ ಇದೆ. ಇನ್ನು ನಿಮಗೇನು ಕೆಲಸ?"

ನ್ಯಾಯವಾದ ಪ್ರಶ್ನೆ. ಅವರು ಹೇಳುವುದು ನೇವಿಯರ್-ಸ್ಟೋಕ್ಸ್ ಸಮೀಕರಣದ ಬಗ್ಗೆ. ಫ್ರಾನ್ಸಿನ ನೇವಿಯರ್ 1822ರಲ್ಲಿ, ಬ್ರಿಟನ್ನಿನ ಸ್ಟೋಕ್ಸ್ 1845ರಲ್ಲಿ ಅದಕ್ಕೆ ರೂಪ ಕೊಟ್ಟರು. ನ್ಯೂಟನ್ನನ ಎರಡನೇ ನಿಯಮವನ್ನೇ ದ್ರವದ ಪ್ರತಿ ತುಣುಕಿಗೂ ಬರೆದರೆ ಇದು ಸಿಗುತ್ತದೆ: ಒತ್ತಡ ತಳ್ಳುತ್ತದೆ, ಸ್ನಿಗ್ಧತೆ (ದ್ರವದ ಅಂಟುತನ) ತಡೆಯುತ್ತದೆ, ಹರಿವು ತನ್ನ ವೇಗವನ್ನು ತಾನೇ ಹೊತ್ತೊಯ್ಯುತ್ತದೆ. ಕಷ್ಟವೆಲ್ಲ ಇರುವುದು ಈ ಮೂರನೆಯದರಲ್ಲಿ.

ಮೊದಲು ಕಂಪ್ಯೂಟರಿನ ಮಾತು. ದೊಡ್ಡ ಸುಳಿ ಒಡೆದು ಸಣ್ಣ ಸುಳಿಗಳಾಗುತ್ತವೆ, ಅವು ಇನ್ನೂ ಸಣ್ಣವಾಗುತ್ತವೆ. ಎಲ್ಲವನ್ನೂ ಹಿಡಿಯಬೇಕಾದರೆ ಕಂಪ್ಯೂಟರ್ ಲೆಕ್ಕ ಹಾಕಬೇಕಾದ ಬಿಂದುಗಳ ಸಂಖ್ಯೆ ರೆನಾಲ್ಡ್ಸ್ ಸಂಖ್ಯೆಯ (ಹರಿವಿನ ರಭಸ ಸ್ನಿಗ್ಧತೆಯ ತಡೆಗಿಂತ ಎಷ್ಟು ಪಟ್ಟು ಎಂಬ ಅಳತೆ) 9/4ನೇ ಘಾತದಷ್ಟು ಏರುತ್ತದೆ. ರೆನಾಲ್ಡ್ಸ್ ಸಂಖ್ಯೆ 10 ಲಕ್ಷವಾದರೆ ಸುಮಾರು 30 ಲಕ್ಷ ಕೋಟಿ ಬಿಂದುಗಳು. ಪ್ರಯಾಣಿಕ ವಿಮಾನದ ರೆಕ್ಕೆಯ ಮೇಲೆ ಆ ಸಂಖ್ಯೆ ಇದಕ್ಕೂ ಹೆಚ್ಚು. ಹಾಗಾಗಿ ವಿನ್ಯಾಸಕಾರರು ಸಣ್ಣ ಸುಳಿಗಳ ಪರಿಣಾಮವನ್ನು ಅಂದಾಜು ಮಾದರಿಗಳಿಗೆ ಬಿಟ್ಟು, ವಿಂಡ್ ಟನಲ್‌ನಲ್ಲಿ ಪರೀಕ್ಷಿಸಿ ಮುಂದುವರಿಯುತ್ತಾರೆ. ವಿಮಾನ ಹಾರುವುದು ಸಮೀಕರಣವನ್ನು ಪೂರ್ತಿ ಬಿಡಿಸಿದ್ದರಿಂದಲ್ಲ.

ನನ್ನನ್ನು ಹಿಡಿದಿಟ್ಟಿರುವ ಪ್ರಶ್ನೆ ಇದಕ್ಕೂ ಆಳದ್ದು. ನಯವಾಗಿ ಶುರುವಾದ ಹರಿವು ಎಂದೆಂದಿಗೂ ನಯವಾಗಿಯೇ ಉಳಿಯುತ್ತದೆಯೇ, ಅಥವಾ ಯಾವುದೋ ಒಂದು ಕ್ಷಣದಲ್ಲಿ, ಒಂದು ಬಿಂದುವಿನಲ್ಲಿ, ವೇಗ ಅನಂತಕ್ಕೆ ಹೋಗಿ ಸಮೀಕರಣವೇ ಕೈಬಿಡುತ್ತದೆಯೇ? 1934ರಲ್ಲಿ ಫ್ರಾನ್ಸಿನ ಗಣಿತಜ್ಞ ಜಾನ್ ಲೆರೇ ಒಂದು ಸಡಿಲ ಅರ್ಥದಲ್ಲಿ ಪರಿಹಾರ ಸದಾ ಇರುತ್ತದೆಂದು ಸಾಧಿಸಿದರು. ಅದು ನಯವಾಗಿರುತ್ತದೆಯೇ, ಒಂದೇ ಇರುತ್ತದೆಯೇ ಎಂಬುದು ಮಾತ್ರ ಇತ್ಯರ್ಥವಾಗಲಿಲ್ಲ. 2000ದಲ್ಲಿ ಅಮೆರಿಕದ ಕ್ಲೇ ಗಣಿತ ಸಂಸ್ಥೆ ನಯವಾಗಿರುವ ಪ್ರಶ್ನೆಗೆ 10 ಲಕ್ಷ ಡಾಲರ್ ಬಹುಮಾನ ಇಟ್ಟಿತು.

ಎರಡು ಆಯಾಮದಲ್ಲಿ, ಅಂದರೆ ಹಾಳೆಯಂಥ ಹರಿವಿನಲ್ಲಿ, ಉತ್ತರ ಗೊತ್ತು: ಏನೂ ಕೆಡುವುದಿಲ್ಲ. ಮೂರು ಆಯಾಮದಲ್ಲಿ ಯಾಕೆ ಸಿಕ್ಕಿಬೀಳುತ್ತೇವೆ ಎಂಬುದನ್ನು ಪಿಯುಸಿ ಮಕ್ಕಳೂ ಲೆಕ್ಕ ಹಾಕಿ ನೋಡಬಹುದು. ಒಂದು ಸುಳಿಯ ಗಾತ್ರ ಅರ್ಧ, ವೇಗ ಎರಡರಷ್ಟು ಆಯಿತೆನ್ನಿ. ಘನ ಅಳತೆ 1/8, ವೇಗದ ವರ್ಗ 4ರಷ್ಟು. ಚಲನಶಕ್ತಿ ಅರ್ಧ ಸಾಕು! ಇನ್ನೊಮ್ಮೆ ಕುಗ್ಗಿದರೆ ಕಾಲು. ಒಂದೊಂದು ಹಂತಕ್ಕೆ ಬೇಕಾಗುವ ಸಮಯವೂ ಹಿಂದಿನದರ ಕಾಲು ಭಾಗ. 1 + 1/4 + 1/16... ಎಂದು ಕೂಡುತ್ತ ಹೋದರೆ ಮೊತ್ತ 4/3 ದಾಟುವುದಿಲ್ಲ. ಅಂದರೆ ಸುಳಿ ಕುಗ್ಗುತ್ತ, ರಭಸ ಹೆಚ್ಚಿಸಿಕೊಳ್ಳುತ್ತ ಸೀಮಿತ ಸಮಯದಲ್ಲೇ ಬಿಂದುವಾಗುವುದನ್ನು ಶಕ್ತಿಯ ಲೆಕ್ಕವೊಂದೇ ತಡೆಯಲಾರದು. ಎರಡು ಆಯಾಮದಲ್ಲಿ ವಿಸ್ತೀರ್ಣ 1/4 ಆಗುವುದರಿಂದ ಶಕ್ತಿ ಅಷ್ಟೇ ಬೇಕಾಗುತ್ತದೆ. ಅಲ್ಲಿ ಸುಳಿಗಳು ಎಳೆದಷ್ಟೂ ಬಿಗಿಯಾಗುವ ಕ್ರಿಯೆಯೂ ಇಲ್ಲ.

ಈ ಸರಳ ಗುಣಾಕಾರದ ಹಿಂದೆ ಇಷ್ಟು ದೊಡ್ಡ ಗೋಡೆ ನಿಂತಿದೆ ಎಂಬುದು ನನಗೆ ಇವತ್ತಿಗೂ ರೋಮಾಂಚನದ ಸಂಗತಿ. ಸಮೀಕರಣವನ್ನು ಕೊಂಚ ಬದಲಿಸಿ, ಶಕ್ತಿಯ ನಿಯಮವನ್ನು ಹಾಗೇ ಉಳಿಸಿಕೊಂಡರೂ ಪರಿಹಾರ ಸಿಡಿಯಬಲ್ಲದು, ಅಂದರೆ ಅನಂತಕ್ಕೆ ಹೋಗಬಲ್ಲದು ಎಂದು ಗಣಿತಜ್ಞ ಟೆರೆನ್ಸ್ ಟಾವ್ ತೋರಿಸಿದ್ದಾರೆ. ಆದ್ದರಿಂದ ನಿಜವಾದ ಸಮೀಕರಣಕ್ಕೆ ಮಾತ್ರ ಇರುವ ಯಾವುದೋ ಗುಣವನ್ನು ಹುಡುಕಲೇಬೇಕು. ಇದು ಅದಕ್ಕಿಂತ ಹೆಚ್ಚಾಗದು ಎಂದು ದಿನನಿತ್ಯ ನಾವು ಬರೆಯುವ ಅಸಮತೆಗಳೆಲ್ಲ ಆ ಹುಡುಕಾಟವೇ. ಬೆಂಗಳೂರಿನಲ್ಲೇ, ಯಲಹಂಕದ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಕೇಂದ್ರದಲ್ಲಿ, ಇಂಥ ಸಮೀಕರಣಗಳನ್ನೇ (ಗಣಿತದ ಭಾಷೆಯಲ್ಲಿ ಆಂಶಿಕ ಅವಕಲ ಸಮೀಕರಣಗಳು) ಮುಖ್ಯವಾಗಿ ಹಿಡಿದು ಕೆಲಸ ಮಾಡುವವರಿದ್ದಾರೆ.

2022ರಲ್ಲಿ ಗಣಿತಜ್ಞರಾದ ಚೆನ್ ಮತ್ತು ಹೌ ಕಂಪ್ಯೂಟರ್ ನೆರವಿನ ಗಣಿತ ಪುರಾವೆಯೊಂದನ್ನು ಮುಂದಿಟ್ಟರು: ಸ್ನಿಗ್ಧತೆಯೇ ಇಲ್ಲದ ಆಯ್ಲರ್ ಸಮೀಕರಣದಲ್ಲಿ, ಗೋಡೆಗೆ ತಾಗಿ ಹರಿಯುವಾಗ, ನಯವಾದ ಹರಿವು ಸಿಡಿಯುತ್ತದೆ. ಅದಕ್ಕೆ ಸ್ನಿಗ್ಧತೆ ಸೇರಿಸಿದರೆ ಸಿಡಿತ ನಿಲ್ಲುತ್ತದೆಯೇ? ನಮಗೆ ಬಾಕಿ ಇರುವ ಕೆಲಸ ಅದು.