ಒಂದು ಮೊಳ ಹೊಯ್ಗೆ, ಅದರ ಕೆಳಗೆ ಕಲ್ಲು

ನಮ್ಮನೆ ಬ್ಯಾಣದಲ್ಲಿ ನಾಲ್ಕು ವರ್ಷದ ಹಿಂದೆ 60 ಗೇರು ಸಸಿ ಹಾಕಿದ್ವಿ, ಈಗ ಉಳಿದಿರೋದು 11. ಶಿರಸಿ ಕಡೆಯವರಿಗೆ ಬ್ಯಾಣ ಅಂದ್ರೆ ಹೇಳೋದೇ ಬೇಡ, ಬೇರೆಯವರಿಗೆ ಹೇಳೋದಾದ್ರೆ ದನ ಮೇಯೋಕೆ, ಕರಡ (ಒಣ ಹುಲ್ಲು) ಕೊಯ್ಯೋಕೆ ಅಂತ ಬಿಟ್ಟಿರೋ ಹುಲ್ಲಿನ ಜಾಗ. ಸಸಿ ಸತ್ತಿದ್ದಕ್ಕೆ ನಾನು ದನಾನ ಬೈದೆ, ಅಪ್ಪಯ್ಯ ಸಸಿ ಕೊಟ್ಟವನನ್ನ ಬೈದ್ರು, ಅಲ್ಲಿಗೆ ವಿಷ್ಯ ಮುಗ್ದಿತ್ತು. ಅದು ಮತ್ತೆ ನೆನಪಾಗಿದ್ದು ರಾಜಸ್ಥಾನದಲ್ಲಿ.

ನಮ್ಮ ಅಕ್ಕ-ಭಾವ ಇರೋದು ಪೋಖ್ರಾನ್‌ನಲ್ಲಿ, ಭಾವಂಗೆ ಸೋಲಾರ್ ಪ್ಲೇಟ್ ಕೂರಿಸೋ ಕೆಲಸ. ಹೋದ ಡಿಸೆಂಬರ್‌ನಲ್ಲಿ ಅಡಿಕೆ ಕೊಯ್ಲು ಅರ್ಧಕ್ಕೆ ಬಿಟ್ಟು ಹೋಗಿದ್ದೆ (ಅದಕ್ಕೆ ಬೈಗುಳ ಬೇರೆ). ಹೋದ ದಿನವೇ ಅಪ್ಪಯ್ಯನ ಫೋನು, ಊಟ ಆಯ್ತಾ ಅಂತೂ ಇಲ್ಲ, ನೇರ "ಅಲ್ಲಿ ಮಣ್ಣು ಹ್ಯಾಂಗಿದ್ದೊ ತಮಾ?" ಅಂದ್ರು. ಎಲ್ಲಾ ಹೊಯ್ಗೆ ಅಂದೆ, ಅಂದ್ರೆ ಮರಳು. "ಹೊಯ್ಗೆಲಿ ನೀರು ನಿಲ್ತಿಲ್ಲೆ, ಹಂಗಾರೆ ದನ ಎಂತ ತಿಂತು?"

ಒಳ್ಳೆ ಪ್ರಶ್ನೆನೇ. ಯಾಕಂದ್ರೆ ಲಾಠಿ ಅನ್ನೋ ಊರಿನ ಕಡೆ ಹೋಗ್ತಾ ದಾರಿ ಬದಿಗೆಲ್ಲಾ ದನ, ಕುರಿ, ಒಂಟೆ ಮೇಯ್ತಾನೇ ಇದ್ವು, ಮೊಣಕಾಲೆತ್ತರದ ಹುಲ್ಲು ಗುಂಪುಗುಂಪಾಗಿ ನಿಂತಿತ್ತು. ಸೇವಣ ಅಂತಾರೆ ಅದಕ್ಕೆ. ಜೈಸಲ್ಮೇರ್ ಕಡೆ ವರ್ಷಕ್ಕೆ ಬೀಳೋ ಮಳೆ ಸುಮಾರು 200 ಮಿಲಿಮೀಟರ್, ಕಾರವಾರದಲ್ಲಿ 3000 ದಾಟತ್ತೆ. ಅಂದ್ರೆ ಅವರ ಇಡೀ ವರ್ಷದ ಮಳೆ ನಮ್ಮಲ್ಲಿ ಆಷಾಢದ ಒಂದೆರಡು ದಿನದ ಮಳೆ. ಹಂಗಿದ್ರೂ ನಮ್ಮ ಬ್ಯಾಣ ಡಿಸೆಂಬರ್‌ಗೆ ಒಣಗಿ ಕರಡ ಆಗಿರತ್ತೆ, ಅವರ ಹುಲ್ಲಿನ ಬುಡದಲ್ಲಿ ಇನ್ನೂ ಹಸಿರು ಇತ್ತು!

ಭಾವನ ಸೈಟಲ್ಲಿ ಕಂಬ ಹುಗಿಯೋಕೆ ಗುಂಡಿ ತೋಡ್ತಿದ್ರು. ಮೇಲಿಂದ ನೋಡಿದ್ರೆ ಎಲ್ಲಾ ಒಂದೇ ಥರ, ತಿಳಿ ಕಂದು ಬಣ್ಣದ ಹೊಯ್ಗೆ. ಒಂದು ಗುಂಡಿ ಆಳಕ್ಕೆ ಹೋಗಿತ್ತು, ಒಳಗೆ ಇಳಿದು ಕೈ ಇಟ್ಟೆ, ಮೇಲಿನ ಒಂದು ಗೇಣು ಹುಡಿಹುಡಿ, ಅದರ ಕೆಳಗೆ ತಣ್ಣಗಿತ್ತು, ಮುಷ್ಟಿ ಹಿಡಿದ್ರೆ ಸ್ವಲ್ಪ ಅಂಟ್ತಿತ್ತು, ಮಳೆ ನಿಂತು ಮೂರು ತಿಂಗಳಾದ ಮೇಲೆ! ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ ಇನ್ನೊಂದು ಗುಂಡಿ ಒಂದು ಮೊಳಕ್ಕೇ ನಿಂತು ಹೋಗಿತ್ತು, ಕೆಳಗೆ ಮರಳುಗಲ್ಲು, ಬಾದಾಮಿ ಗುಹೆ ನೋಡಿದವರಿಗೆ ಗೊತ್ತಿರೋ ಜಾತಿದೇ. ಮೇಲ್ಪದರ ಕೊಳೆತು ಕೈಯಲ್ಲೇ ಪುಡಿ ಆಗ್ತಿತ್ತು, ಅದರ ಕೆಳಗಿಂದು ಹಾರೆಗೂ ಜಗ್ಗಲ್ಲ. ಈ ಲಾಠಿ ಮರಳುಗಲ್ಲು ಜುರಾಸಿಕ್ ಕಾಲದ್ದು, ಅದೇ ಬಂಡೆಯಲ್ಲಿ ಕಲ್ಲಾಗಿ ಹೋದ ಮರದ ದಿಮ್ಮಿಗಳು ಜೈಸಲ್ಮೇರ್ ಹತ್ರ ಆಕಲ್ ಪಾರ್ಕಲ್ಲಿ ಈಗಲೂ ಬಿದ್ಕೊಂಡಿವೆ.

ಆ ಎರಡು ಗುಂಡಿ ಸುತ್ತ ಬೆಳೆದಿದ್ದೂ ಬೇರೆ ಬೇರೆ. ಆಳ ಇದ್ದಲ್ಲಿ ಸೇವಣ, ಒಂದೊಂದು ಖೇಜಡಿ ಮರ. ಖೇಜಡಿ ಅಂದ್ರೆ ಬೇರೇನಲ್ಲ, ನಾವು ವಿಜಯದಶಮಿಗೆ ಪೂಜೆ ಮಾಡೋ ಬನ್ನಿ. ಕಲ್ಲು ಮೇಲೇ ಇದ್ದಲ್ಲಿ ಮುಳ್ಳಿನ ಕುರುಚಲು, ಮಳೆಗಾಲ ಮುಗಿದ ಕೂಡ್ಲೇ ಒಣಗೋ ಪುಡಿ ಹುಲ್ಲು, ಅಷ್ಟೇ.

ಅಪ್ಪಯ್ಯ ಹೇಳಿದ್ದು ನಮ್ಮೂರಿಗೆ ಸರಿ, ಅಲ್ಲಿಗೆ ಉಲ್ಟಾ. ಹೊಯ್ಗೆ ನೀರು ಹಿಡಿಯೋದು ಕಮ್ಮಿ, ಹೌದು, ಆದ್ರೆ ಅದಕ್ಕೇ ಬಿದ್ದ ಮಳೆ ಆಳಕ್ಕೆ ಇಳಿಯತ್ತೆ. 25 ಮಿಲಿಮೀಟರ್ ಮಳೆ ಒಣ ಹೊಯ್ಗೆಲಿ ಅಂದಾಜು ಒಂದಡಿವರೆಗೆ ಹೋಗತ್ತೆ, ಅದೇ ಮಳೆ ಜಿಗುಟು ಮಣ್ಣಲ್ಲಾದ್ರೆ ನಾಲ್ಕೈದು ಇಂಚಲ್ಲೇ ನಿಂತು ಬಹುಪಾಲು ಬಿಸಿಲಿಗೆ ಆವಿ. ಹೊಯ್ಗೆಲಿ ಮೇಲಿನ ಪದರ ಒಣಗಿದ ಮೇಲೆ ಕೆಳಗಿನ ನೀರಿಗೆ ಮೇಲೆ ಹತ್ತೋಕೆ ದಾರಿನೇ ಇರಲ್ಲ, ಕಾಳು ದಪ್ಪ, ಸಂದು ದೊಡ್ಡದು, ಹಂಗಾಗಿ ಮೇಲಿನ ಒಣ ಹೊಯ್ಗೆನೇ ಮುಚ್ಚಳ. ಇಸ್ರೇಲಿನ ನೋಯ್-ಮೇರ್ ಅನ್ನೋ ವಿಜ್ಞಾನಿ 1973ರಲ್ಲೇ ಇದನ್ನ ಬರೆದಿದ್ದಾರೆ, ವರ್ಷದ ಮಳೆ 300ರಿಂದ 500 ಮಿಲಿಮೀಟರ್ ದಾಟಿದ ಮೇಲೆ ಲೆಕ್ಕ ತಿರುಗಿ ಜಿಗುಟು ಮಣ್ಣೇ ಮೇಲು ಅಂತ. ಕೆಳಗೆ ಕಲ್ಲು ಬಂದ್ರೆ ಮಾತ್ರ ಈ ಆಟ ನಡೆಯಲ್ಲ. ಒಂದು ಮೊಳ ಹೊಯ್ಗೆ ನೀರಲ್ಲಿ ತುಂಬೋಕೆ ಎಷ್ಟು ಹೊತ್ತು, ಬೇರೂ ಅಲ್ಲೇ ನಿಲ್ಲತ್ತೆ, ಕಲ್ಲು ಸೀಳಿದ ಕಡೆ ಬಿಟ್ಟು.

ಹಂಗಂತ ಫಲವತ್ತು ಅಂತ ತಿಳ್ಕೋಬೇಡಿ. ಮರಳುಗಲ್ಲು ಸವೆದ್ರೆ ಬರೋದು ಬಹುಪಾಲು ಬರೀ ಸ್ಫಟಿಕದ ಕಾಳು, ಗಿಡಕ್ಕೆ ತಿನ್ನೋಕೆ ಅದರಲ್ಲಿ ಏನೂ ಇಲ್ಲ. ಸೊಪ್ಪು ಕೊಳೆತ ಕಪ್ಪು ಅಂಶ ಹುಡುಕಿದ್ರೂ ಸಿಗಲ್ಲ, ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರೋ ಕಾಡು) ಬೆಳೆದ ನನಗೆ ಅದು ನೋಡೋಕೇ ಬಡತನ ಅನ್ನಿಸ್ತು. ಗುಂಡಿ ಗೋಡೆಲಿ ಬಿಳಿ ಗಂಟು ಗಂಟು ಇತ್ತು, ಅಕ್ಕನ ಅಡುಗೆಮನೆಯಿಂದ ನಿಂಬೆಹಣ್ಣು ತಂದು ಹಿಂಡಿದೆ, ನೊರೆ ಬಂತು, ಸುಣ್ಣ! ನಾವು ದುಡ್ಡು ಕೊಟ್ಟು ಅಡಿಕೆ ತೋಟಕ್ಕೆ ಹಾಕೋ ಸುಣ್ಣ ಅವರಿಗೆ ಬೇಡಬೇಡ ಅಂದ್ರೂ ಮಣ್ಣಲ್ಲೇ ಇದೆ. ನಮ್ಮಲ್ಲಿ ಮಳೆ ಎಲ್ಲಾ ತೊಳ್ಕೊಂಡು ಹೋಗಿ ಮಣ್ಣು ಹುಳಿ, ಅಲ್ಲಿ ತೊಳೆಯೋಷ್ಟು ಮಳೆನೇ ಇಲ್ಲ.

ಅಲ್ಲೊಬ್ರು ಕುರಿ ಕಾಯೋ ಅಜ್ಜ ಕುರಿಗಳನ್ನ ಒಂದು ಜಾಗಕ್ಕೆ ಬಿಡ್ತಾನೇ ಇರ್ಲಿಲ್ಲ, ನೋಡಿದ್ರೆ ಅಲ್ಲಿ ಹೊಯ್ಗೆ ಮೇಲೆ ತೆಳ್ಳಗೆ ಕಪ್ಪು ಸಿಪ್ಪೆ ಥರ ಕಟ್ಟಿತ್ತು. ಅದು ಜೀವ ಇರೋ ಸಿಪ್ಪೆ, ಸೂಕ್ಷ್ಮ ಪಾಚಿ ಜಾತಿದು ಕಾಳುಗಳನ್ನ ಅಂಟಿಸಿ ಇಟ್ಟಿರತ್ತೆ, ಗೊರಸು ಬಿದ್ದು ಒಡೆದ್ರೆ ಮೊದಲ ಬಿರುಗಾಳಿಗೆ ಹೊಯ್ಗೆ ಎದ್ದು ಹೋಗತ್ತೆ. ಅಮೆರಿಕದ ಯೂಟಾದಲ್ಲಿ ಮರಳುಗಲ್ಲಿನ ಮೇಲಿನ ಇಂಥದ್ದೇ ಮಣ್ಣಿಗೆ, ಸಿಪ್ಪೆ ತುಳೀಬೇಡಿ ಅಂತ ನ್ಯಾಷನಲ್ ಪಾರ್ಕುಗಳಲ್ಲಿ ಬೋರ್ಡೇ ಹಾಕಿದ್ದಾರೆ. ಅಜ್ಜಂಗೆ ಬೋರ್ಡು ಬೇಕಾಗಿರ್ಲಿಲ್ಲ.

ಊರಿಗೆ ಬಂದ ಮಾರನೇ ದಿನ ಹಾರೆ ತಗೊಂಡು ಬ್ಯಾಣಕ್ಕೆ ಹೋದೆ. ಅಪ್ಪಯ್ಯ "ಈಗೆಂತಕ್ಕೆ?" ಅಂತ ಹಿಂದೇ ಬಂದ್ರು. ಸಸಿ ಸತ್ತ ಜಾಗದಲ್ಲಿ ಚುಚ್ಚಿದ್ರೆ ಒಂದು ಗೇಣಿಗೇ ಠಣ್ ಅಂತು, ಕೆಳಗೆಲ್ಲಾ ಚಿರೆಕಲ್ಲು. ಬದುಕಿರೋ ಗೇರು ಬುಡದಲ್ಲಿ ಹಾರೆ ಮೊಳಕೈ ಉದ್ದ ಸಲೀಸಾಗಿ ಇಳೀತು. ಎರಡು ಗಿಡ ಮಾತ್ರ ಕಲ್ಲಿನ ಮೇಲೇ ನಿಂತಿದ್ವು, ಸುತ್ತ ಕೆದಕಿ ನೋಡಿದ್ರೆ ಕಲ್ಲು ಸೀಳಿತ್ತು, ಬೇರು ಅದರೊಳಗೆ. ಅಪ್ಪಯ್ಯ ಏನೂ ಮಾತಾಡ್ಲಿಲ್ಲ, ಹಾರೆ ನನ್ನ ಕೈಯಿಂದ ತಗೊಂಡು ಸಂಜೆವರೆಗೆ ತಾವೇ ಚುಚ್ತಾ ಓಡಾಡಿದ್ರು. 23 ಕಡೆ ಗೂಟ ಹೊಡೆದಿದ್ದಾರೆ, ಮಳೆ ಶುರುವಾದ್ಮೇಲೆ ಅಲ್ಲಿ ಮಾತ್ರ ಸಸಿ.