ನೀತಿ ಚಿತ್ರಕಥೆಗಳ ಪಟ್ಟಿ, ಮಡಿಕೇರಿ: ಮಳೆಗಾಲದ ಹೊತ್ತಿಗೆ ಆದಷ್ಟು ಕೆಲಸ

ವಿರಾಜಪೇಟೆ, ಸೋಮವಾರಪೇಟೆ ಕಡೆಯ ಮನೆಗಳಿಂದ ಬಂದ ನೀತಿ ಚಿತ್ರಕಥೆ ಪುಸ್ತಕಗಳ ಕಟ್ಟುಗಳ ಸ್ಕ್ಯಾನಿಂಗ್ ಮುಗಿದಿದೆ. ಒಂದೊಂದೇ ಚೌಕಟ್ಟು ನೋಡಿ ಕೋಷ್ಟಕ ತುಂಬುವ ಕೆಲಸ ನಡೆಯುತ್ತಿದೆ. ಕೊನೆಯ ಪುಟದ 'ನೀತಿ' ಸಾಲನ್ನಷ್ಟೇ ಬರೆದುಕೊಂಡರೆ ಪ್ರಯೋಜನವಿಲ್ಲ ಎಂಬುದು ಈಗಾಗಲೇ ಖಚಿತವಾಗಿದೆ. ಸುಳ್ಳು ಹೇಳಬೇಡ, ದುರಾಸೆ ಬೇಡ ಎಂಬ ಮಾತು ಅಂದಿಗೂ ಅದೇ, ಇಂದಿಗೂ ಅದೇ. ಬದಲಾಗಿರುವುದು ಚಿತ್ರಕಾರರು ಸಹಜವೆಂದುಕೊಂಡು ಬರೆದುಬಿಟ್ಟ ಭಾಗ: ಬೆತ್ತ ಯಾರ ಕೈಯಲ್ಲಿದೆ, ಒಲೆಯ ಮುಂದೆ ಯಾರಿದ್ದಾರೆ, ಕಾಫಿ ತಂದುಕೊಡುವ ಹುಡುಗನ ವಯಸ್ಸೆಷ್ಟು.

ಕೋಷ್ಟಕ

ಕಾಲಂಗಳು ಐದು: ತಪ್ಪು, ಮಾಡಿದವರು, ಫಲ, ಫಲ ಕೊಟ್ಟವರು, ಹಿನ್ನೆಲೆಯಲ್ಲಿ ದುಡಿಯುತ್ತಿರುವವರು. ಇವುಗಳಲ್ಲಿ ನಾಲ್ಕನೆಯದೇ ಜೀವಾಳ. ದೇವರು, ರಾಜ, ಮೇಷ್ಟ್ರು, ತಂದೆತಾಯಿ, ಗೆಳೆಯರು, ತಾನೇ ಎಂದು ಆರು ಆಯ್ಕೆ ಇಟ್ಟಿದ್ದೆವು. ಅಮೆರಿಕದ 'ಹೈಲೈಟ್ಸ್' ಪತ್ರಿಕೆಯಲ್ಲಿ 1948ರಿಂದ ಬರುತ್ತಿರುವ ಗೂಫಸ್ ಮತ್ತು ಗ್ಯಾಲಂಟ್ ಜೋಡಿಯನ್ನು ಹೋಲಿಕೆಗೆ ಸೇರಿಸಿದಾಗ 'ಫಲ ತೋರಿಸಿಲ್ಲ' ಎಂಬ ಏಳನೆಯ ಆಯ್ಕೆ ಬೇಕಾಯಿತು. ಅಲ್ಲಿ ಒಬ್ಬ ಸರಿ ಮಾಡುತ್ತಾನೆ, ಇನ್ನೊಬ್ಬ ತಪ್ಪು ಮಾಡುತ್ತಾನೆ, ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ. ನಮ್ಮ ಹಳೆಯ ಕಟ್ಟುಗಳಲ್ಲಿ ಮಾವಿನಹಣ್ಣು ಕದ್ದವನಿಗೆ ಮೇಷ್ಟ್ರ ಏಟು ಬೀಳುತ್ತದೆ. ಹೊಸದರಲ್ಲಿ ಅವನೇ ಹೋಗಿ ಹಣ್ಣು ಹಿಂದಿರುಗಿಸುತ್ತಾನೆ.

ಇಸವಿ ಹಾಕುವಾಗ ಎಚ್ಚರ ಬೇಕು. ಮರುಮುದ್ರಣದಲ್ಲಿ ಚಿತ್ರ ಹಳೆಯದು, ಬೆಲೆ ಮತ್ತು ರಕ್ಷಾಪುಟ ಹೊಸದು. ಅಮರ ಚಿತ್ರ ಕಥೆಯ ಇಂಗ್ಲಿಷ್ ಮಾಲೆಯಲ್ಲಿ 'ಕೃಷ್ಣ'ನ ಸಂಖ್ಯೆ 11, ಏಕೆಂದರೆ ಮೊದಲ ಹತ್ತು ಪಾಶ್ಚಾತ್ಯ ಕಥೆಗಳಿಗೆ ಹೋಗಿದ್ದವು. ಮುಂದೆ ಬಂದ ಮರುಮುದ್ರಣಗಳಿಗೆ 500 ದಾಟಿದ ಬೇರೆ ಸಂಖ್ಯೆಗಳಿವೆ. ಹಾಗಾಗಿ ಸಂಖ್ಯೆ ನೋಡಿ ಕಾಲ ಹೇಳಲಾಗದು. ಮೊದಲ ಮುದ್ರಣದ ವರ್ಷ, ಕೈಯಲ್ಲಿರುವ ಪ್ರತಿಯ ವರ್ಷ, ಎರಡನ್ನೂ ಬರೆಯಬೇಕು. ಮುದ್ರಣ ವಿವರದ ಪುಟ ಹರಿದುಹೋಗಿದ್ದರೆ ಆ ಪ್ರತಿ ಕಾಲಗಣನೆಗೆ ಇಲ್ಲ.

ಇಸವಿಗಳ ಪಕ್ಕದಲ್ಲಿ ಮೂರು ಕಾನೂನುಗಳು ಬಂದ ಕಾಲಕ್ಕೆ ಗೆರೆ ಎಳೆದಿದ್ದೇವೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 14 ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು ತಡೆದ 2006ರ ಅಕ್ಟೋಬರ್ ಆದೇಶ, ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದ, 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ. ಗೆರೆಯ ಆಚೆ ಬೆತ್ತ ಕಾಣದಿದ್ದರೆ ಅದಕ್ಕೆ ಕಾನೂನೇ ಕಾರಣ ಎಂದು ಬರೆಯುವಂತಿಲ್ಲ. ಚಿತ್ರಕಾರ ಬದಲಾದರೂ ಬೆತ್ತ ಹೋಗುತ್ತದೆ.

ಕೋವಿಯ ಪ್ರಶ್ನೆ

ಇಬ್ಬರು ಬೇರೆಬೇರೆ ಕೂತು ಅದೇ ಪುಟಗಳನ್ನು ತುಂಬುತ್ತಾರೆ. ಆಮೇಲೆ ಕಪ್ಪಾ ಲೆಕ್ಕ, ಅಂದರೆ ಆಕಸ್ಮಿಕವನ್ನು ಕಳೆದು ಇಬ್ಬರ ಉತ್ತರ ಎಷ್ಟು ಹೊಂದುತ್ತದೆ ಎಂಬ ಅಳತೆ: ಇಬ್ಬರ ಉತ್ತರ 100ಕ್ಕೆ 80 ಹೊಂದಿ, ಅದರಲ್ಲಿ 50 ಆಕಸ್ಮಿಕವಾಗಿಯೇ ಹೊಂದಬಹುದಾಗಿದ್ದರೆ, ಉಳಿದ 30ನ್ನು (80ರಲ್ಲಿ 50 ಕಳೆದು) 50ರಿಂದ (100ರಲ್ಲಿ 50 ಕಳೆದು) ಭಾಗಿಸಿದಾಗ 0.6. ಅದಕ್ಕಿಂತ ಕೆಳಗಿಳಿದ ಕಾಲಂ ಅನ್ನು ವಿವರಣೆ ತಿದ್ದಿ ಮತ್ತೆ ತುಂಬುತ್ತೇವೆ. ಈ ಲೆಕ್ಕದಲ್ಲಿ ಬಿದ್ದುಹೋದದ್ದು 'ಹಿಂಸೆ' ಎಂದು ಹೆಚ್ಚುವರಿಯಾಗಿ ಇಟ್ಟಿದ್ದ ಕಾಲಂ. ಕೋಷ್ಟಕ ತುಂಬಿದವರಲ್ಲಿ ಹೊರಜಿಲ್ಲೆಯವರು ಕೋವಿ ಕಂಡಲ್ಲೆಲ್ಲ 'ಹೌದು' ಎಂದಿದ್ದರು. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ಕೋವಿಗೆ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜಿಸುವ ಮನೆಗಳವರಿಗೆ ಗೋಡೆಗೆ ನೇತುಹಾಕಿದ ಕೋವಿ ಹಿಂಸೆಯಲ್ಲ, ಮನೆಯ ಗುರುತು. ಈಗ ಅದನ್ನು ಮೂರಾಗಿ ಒಡೆದಿದ್ದೇವೆ: ಕೋವಿ ಇದೆ, ಗುರಿಯಿಟ್ಟಿದೆ, ಪ್ರಾಣಿ ಸತ್ತಿದೆ. ಹೀಗೆ ಮಾಡಿದ ಮೇಲೇ ಮಕ್ಕಳ ಪತ್ರಿಕೆ 'ಟಿಂಕಲ್'ನ ಪಾತ್ರ ಶಿಕಾರಿ ಶಂಭುವಿನ ಬದಲಾವಣೆಯನ್ನು ಸರಿಯಾಗಿ ದಾಖಲಿಸಲು ಬಂತು. 1983ರಲ್ಲಿ ಬೇಟೆಗಾರನಾಗಿ ಬಂದವನು ಬರಬರುತ್ತ ಪ್ರಾಣಿಗಳನ್ನು ಕಾಪಾಡುವವನಾದ.

ಸ್ಕ್ಯಾನ್ ಮತ್ತು ಮಳೆ

ಅಗ್ಗದ ಅಚ್ಚಿನ ಬಣ್ಣದ ಚುಕ್ಕಿಗಳು 300 ಡಿಪಿಐನಲ್ಲಿ (ಒಂದು ಅಂಗುಲಕ್ಕೆ 300 ಚುಕ್ಕಿ) ಸ್ಕ್ಯಾನ್ ಮಾಡಿದರೆ ಅಲೆಅಲೆಯಾಗಿ ಕಾಣುತ್ತವೆ. 600ರಲ್ಲಿ ತೆಗೆದು, ತುಸು ಮಸುಕಾಗಿಸಿ, ಆಮೇಲೆ 300ಕ್ಕೆ ಇಳಿಸಿ. ಹಿಂಬದಿಯ ಚಿತ್ರ ಇಣುಕದಂತೆ ಪುಟದ ಹಿಂದೆ ಕಪ್ಪು ಹಾಳೆ ಇಡಿ. 600ರಲ್ಲಿ ತೆಗೆದ 17×24 ಸೆಂ.ಮೀ. ಬಣ್ಣದ ಪುಟವನ್ನು ಕುಗ್ಗಿಸದೆ ಉಳಿಸಿದರೆ ಸುಮಾರು 68 ಎಂಬಿ, 32 ಪುಟಕ್ಕೆ ಎರಡು ಜಿಬಿಗಿಂತ ಹೆಚ್ಚು. ಹಕ್ಕುಸ್ವಾಮ್ಯ ಇರುವುದರಿಂದ ಚಿತ್ರಗಳನ್ನು ಹಂಚುವುದಿಲ್ಲ, ಕೋಷ್ಟಕ ಮಾತ್ರ.

ತುಕ್ಕು ಹಿಡಿದ ಪಿನ್ ಬಿಚ್ಚಿ ಹತ್ತಿ ದಾರದಲ್ಲಿ ಹೊಲಿಯಿರಿ. ಬೂಷ್ಟು ಹಸಿಯಿರುವಾಗ ಒರೆಸಿದರೆ ಕಾಗದದೊಳಗೆ ಇಳಿಯುತ್ತದೆ. ನೆರಳಲ್ಲಿ ಒಣಗಿಸಿ, ಮೆತ್ತನೆಯ ಬ್ರಷ್‌ನಿಂದ ಹೊರಗೆ ಝಾಡಿಸಿ. ಬಿಸಿಲು ಬೇಡ, ಹಾಳೆ ಹಳದಿಯಾಗುತ್ತದೆ. ಡಬ್ಬಿಯೊಳಗಿನ ತೇವ ಶೇ. 65 ದಾಟದಂತೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ನೀಲಿ ಹರಳು ಗುಲಾಬಿಗೆ ತಿರುಗಿದೊಡನೆ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ ಮತ್ತೆ ಬಳಸಬಹುದು.

ಉಳಿದಿರುವುದು 'ದುಡಿಯುತ್ತಿರುವವರು' ಕಾಲಂ. ಅಲ್ಲಿ ಹೆಂಗಸರ ಕೆಲಸವನ್ನು ಮನೆಯೊಳಗಿನದು, ಗದ್ದೆ-ತೋಟದ್ದು, ಸಂಬಳದ್ದು ಎಂದು ಬೇರ್ಪಡಿಸಿ ಮೊದಲ ಕಟ್ಟಿನಿಂದಲೇ ಮತ್ತೆ ತುಂಬಬೇಕಿದೆ.